ಹಿತ್ತಾಳೆಯ ವಾದ್ಯವೂ ವಿದ್ಯಾವಂತರ ಮನೆಗಳೂ

ಹೋದ ವೈಶಾಖದ ಒಂದು ಸಂಜೆ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆಯಂಗಡಿಯೊಂದರಲ್ಲಿ ನನ್ನ ಹಳೆಯ ಮಿತ್ರರೊಬ್ಬರು ಸಿಕ್ಕಿದರು. ಜೊತೆಯಲ್ಲಿ ಅವರ ಪತ್ನಿಯೂ ಹದಿನೇಳು ವರ್ಷದ ಮಗನೂ ಇದ್ದರು. ದರ್ಜಿಯು ಹುಡುಗನ ಹೆಗಲಿನಿಂದ ಮಣಿಕಟ್ಟಿನವರೆಗೆ ಟೇಪು ಹಿಡಿದು ಅಳೆಯುತ್ತಿದ್ದನು. ಮದುವೆಯೋ ಉಪನಯನವೋ ಎಂದು ನಾನು ವಿಚಾರಿಸಲಾಗಿ ಮಿತ್ರರು ನಕ್ಕು, “ಎರಡೂ ಅಲ್ಲ ಸ್ವಾಮಿ. ಬರುವ ತಿಂಗಳು ಇವನಿಗೆ ಸಂಗೀತದ ಕಾಲೇಜಿನಲ್ಲಿ ಆಡಿಷನ್ನು. ಟ್ರಂಪೆಟ್ ನುಡಿಸುತ್ತಾನೆ. ಕರಿಯ ಕೋಟಿಲ್ಲದೆ ಹೋದರೆ ಚೆನ್ನಾಗಿರುತ್ತದೆಯೆ?” ಎಂದರು. ಎಷ್ಟು ದಿನದ ಅಭ್ಯಾಸವೆಂದು ಕೇಳಿದೆನು. ಸಂಕ್ರಾಂತಿಯಿಂದ ಎಂದರು. ಅದಕ್ಕೆ ಮುಂಚೆ ಹುಡುಗನು ಕೀಬೋರ್ಡಿನಲ್ಲಿ ಕೆಲವು ಪರೀಕ್ಷೆಗಳನ್ನು ಮುಗಿಸಿದ್ದನಂತೆ. ಟ್ರಂಪೆಟ್ಟಿಗೆ ಬರುವವರು ಕಡಮೆ, ಆದುದರಿಂದ ಸ್ಥಳ ಸುಲಭವಾಗಿ ಸಿಕ್ಕುವುದೆಂದು ಯಾರೋ ಹೇಳಿದರಂತೆ. ಕೂಡಲೆ ಒಳ್ಳೆಯ ವಾದ್ಯವನ್ನು ತರಿಸಿದರಂತೆ. ವಾರಕ್ಕೆ ಎರಡು ದಿನ ಕಂಪ್ಯೂಟರಿನ ತೆರೆಯ ಮೇಲೆ ಒಬ್ಬ ಶಿಕ್ಷಕರು ಬಂದು ಮೂರು ಕೃತಿಗಳನ್ನು ಅಭ್ಯಾಸ ಮಾಡಿಸುತ್ತಿದ್ದರು. ಆ ಮೂರರಲ್ಲಿ ಒಂದು ಹೇಡನ್ನನ ಕಾಂಚೆರ್ಟೊ!

ಅಂಗಡಿಯಿಂದ ಹೊರಗೆ ಬಂದೆವು. ಇಬ್ರಾಹಿಂ ಸಾಹೇಬ್ ಬೀದಿಯ ಕಡೆಯಿಂದ ಮದುವೆಯ ಬ್ಯಾಂಡೊಂದು ಬರುತ್ತಿದ್ದಿತು. ಕೆಂಪು ಕೋಟು, ಬಣ್ಣ ಮಾಸಿದ ಜರಿಯ ಪಟ್ಟಿ, ಕಾಲಿಗೆ ರಬ್ಬರಿನ ಚಪ್ಪಲಿ. ಮುಂದಿನ ಸಾಲಿನಲ್ಲಿ ಎಪ್ಪತ್ತರ ಸಮೀಪದ ಒಬ್ಬ ಮುದುಕರು ನಸುಬಗ್ಗಿ ನಡೆಯುತ್ತ ಟ್ರಂಪೆಟ್ ನುಡಿಸುತ್ತಿದ್ದರು. ಆಟೋಗಳ ಕೂಗು, ಅಂಗಡಿಯವರ ಕರೆ, ಡೋಲಿನ ಹೊಡೆತ ಇಷ್ಟರ ಮಧ್ಯದಲ್ಲಿಯೂ ಅವರ ಸ್ವರವು ಬಿರುಕಿಲ್ಲದೆ ದುಂಡಗೆ ಹೊರಡುತ್ತಿದ್ದಿತು. ಹುಡುಗನು ನಿಂತುಬಿಟ್ಟನು. ಅವನ ದೃಷ್ಟಿಯು ಮುದುಕರ ಬೆರಳುಗಳ ಮೇಲಿರಲಿಲ್ಲ, ತುಟಿಯ ಮೇಲಿದ್ದಿತು. ಮಿತ್ರರು ಅವನ ತೋಳು ಹಿಡಿದು, “ನಡೆಯೋ, ಇದನ್ನೆಲ್ಲ ಕೇಳಿದರೆ ಕಿವಿ ಕೆಡುತ್ತದೆ” ಎಂದು ಎಳೆದುಕೊಂಡು ಹೋದರು.

ಇದು ಒಂದು ಮನೆಯ ಮಾತಾಗಿದ್ದರೆ ಈ ಪತ್ರಿಕೆಯ ಪುಟಗಳನ್ನು ನಾನು ವ್ಯಯಮಾಡುತ್ತಿರಲಿಲ್ಲ. ನಮ್ಮ ಬಹು ಮಂದಿ ವಿದ್ಯಾವಂತರ ಮನೆಗಳಲ್ಲಿ ಈಗ ಇದೇ ರೀತಿ. ಮಗುವಿಗೆ ಸಂಗೀತದಲ್ಲಿ ಆಸಕ್ತಿಯುಂಟೆಂದು ತಿಳಿದೊಡನೆಯೆ ವಾದ್ಯವನ್ನು ಕೊಳ್ಳುವರು, ಉಡುಪನ್ನು ಹೊಲಿಸುವರು, ಎಂಜಿನಿಯರಿಂಗಿನ ಪ್ರವೇಶ ಪರೀಕ್ಷೆಗೆ ಪ್ರಶ್ನೆಗಳನ್ನು ಉರು ಹೊಡೆಸುವಂತೆ ಮೂರು ಕೃತಿಗಳನ್ನು ಉರು ಹೊಡೆಸುವರು. ವಿದ್ಯೆಯನ್ನು ಬಲ್ಲವನು ಎರಡು ಬೀದಿಯ ಆಚೆಗೆ ಇದ್ದರೂ ಅವನನ್ನು ಕಂಡರೆ ಮುಖ ತಿರುಗಿಸುವರು. ಇದು ಅಜ್ಞಾನವೂ ಹೌದು, ಅಹಂಕಾರವೂ ಹೌದು. ಇದರ ಫಲವನ್ನು ಮಕ್ಕಳು ಉಣ್ಣುತ್ತಿದ್ದಾರೆ.

ನಾನು ವಿದ್ವಾಂಸನಲ್ಲ. ಚಿಕ್ಕಂದಿನಲ್ಲಿ ಶಾಲೆಯ ಬ್ಯಾಂಡಿನಲ್ಲಿ ಎರಡು ವರ್ಷ ಕಾರ್ನೆಟ್ ಊದಿ, ಸೋಮಾರಿತನದಿಂದ ಬಿಟ್ಟವನು. ಹಲಸೂರು ಕೆರೆಯ ದಿಕ್ಕಿನಿಂದ ಸ್ಯಾಪರ್ಸ್ ಪಟಾಲಮಿನ ಬ್ಯಾಂಡು ಕೇಳಿಸಿದಾಗಲೆಲ್ಲ ಬಿಟ್ಟೆನಲ್ಲಾ ಎಂದು ಮರುಗುವವನು. ಹಾಗಿದ್ದರೂ ಆ ಎರಡು ವರ್ಷದಲ್ಲಿ ಒಂದು ಸಂಗತಿಯು ನನಗೆ ಮನದಟ್ಟಾಯಿತು. ಪಿಟೀಲಿನಲ್ಲಿ ತಂತಿಯು ಏನೋ, ವೀಣೆಯಲ್ಲಿ ತಂತಿಯು ಏನೋ, ಈ ವಾದ್ಯದಲ್ಲಿ ನುಡಿಸುವವನ ತುಟಿಯೇ ಅದು. ಕೊಳವೆಯಲ್ಲಿ ತಾನಾಗಿ ನುಡಿಯುವ ವಸ್ತು ಯಾವುದೂ ಇಲ್ಲ. ಎದೆಯ ಗಾಳಿಯಿಂದ ತುಟಿಯು ಕಂಪಿಸಬೇಕು. ಆ ಕಂಪನವನ್ನು ಹಿತ್ತಾಳೆಯು ಹಿಗ್ಗಿಸಿ ಹೊರಕ್ಕೆ ಕಳುಹಿಸುವುದು, ಅಷ್ಟೆ. ಟ್ರಂಪೆಟ್ಟಿಗೆ ಗುಂಡಿಗಳು ಮೂರೇ ಮೂರು. ಆ ಮೂರರಿಂದ ಎರಡೂವರೆ ಸ್ಥಾಯಿಯ ಸ್ವರಗಳೆಲ್ಲ ಹೊರಡತಕ್ಕದ್ದು. ಹೇಗೆಂದರೆ, ಒಂದು ಗುಂಡಿಯನ್ನೂ ಒತ್ತದೆ, ಬರಿಯ ತುಟಿಯ ಬಿಗಿಯನ್ನೂ ಉಸಿರಿನ ವೇಗವನ್ನೂ ಬದಲಿಸಿ, ಷಡ್ಜ, ಪಂಚಮ, ಮೇಲಿನ ಷಡ್ಜ, ಅದರ ಮೇಲೆ ಅಂತರ ಗಾಂಧಾರ, ಮತ್ತೆ ಪಂಚಮ, ಮತ್ತೆ ಷಡ್ಜ, ಹೀಗೆ ಏರುತ್ತ ಹೋಗಬೇಕು. ಗುಂಡಿಗಳು ಇವುಗಳ ನಡುವಣ ಸ್ಥಾನಗಳನ್ನು ತುಂಬುವುದಕ್ಕೆ ಮಾತ್ರ ಬಂದವು. ಅವು ಹುಟ್ಟಿದ್ದೇ 19ನೆಯ ಶತಮಾನದ ಮೊದಲ ಭಾಗದಲ್ಲಿ. ಆದುದರಿಂದ ಕೀಬೋರ್ಡಿನಲ್ಲಿ ಪಳಗಿದ ಬೆರಳುಗಳು ಇಲ್ಲಿ ಹೆಚ್ಚಿನ ಪ್ರಯೋಜನಕ್ಕೆ ಬಾರವು. ಸರಿಯಾದ ಗುಂಡಿಯನ್ನೇ ಒತ್ತಿದ್ದರೂ ತುಟಿ ತಪ್ಪಿದರೆ ಬೇರೊಂದು ಸ್ವರವು ನಿಮ್ಮನ್ನು ಅಣಕಿಸುತ್ತದೆ.

ಇನ್ನೊಂದು ವಿಚಿತ್ರವನ್ನೂ ಇಲ್ಲಿಯೇ ಹೇಳಿಬಿಡುವೆನು. ಸಾಧಾರಣವಾದ ಟ್ರಂಪೆಟ್ಟು ಬಿ ಫ್ಲಾಟ್ ಶ್ರುತಿಯದು. ಕಾಗದದ ಮೇಲೆ ಸಿ ಎಂದು ಬರೆದುದನ್ನು ನುಡಿಸಿದರೆ ಕೇಳಿಸುವುದು ಬಿ ಫ್ಲಾಟ್, ನಮ್ಮವರ ಎಣಿಕೆಯಲ್ಲಿ ಆರೂವರೆ ಮನೆ. ಇದನ್ನರಿಯದ ತಂದೆಯೊಬ್ಬರು ಮನೆಯ ಕೀಬೋರ್ಡಿನ ಸಿ ಒತ್ತಿಕೊಂಡು, ಮಗನು ದಿನವೂ ಅಪಸ್ವರ ನುಡಿಸುತ್ತಾನೆಂದು ಒಂದು ತಿಂಗಳು ಗದರಿಸಿದರೆಂಬುದು ನಾನು ಕಣ್ಣಾರೆ ಕಂಡ ಮಾತು. ಅವರು ಬಹಳ ಓದಿದವರು.

ಹೀಗಿರಲು ಆಡಿಷನ್ನಿಗೆ ಸಿದ್ಧತೆಯೆಂದರೆ ಏನು? ಪರೀಕ್ಷಕರು ಸಾಮಾನ್ಯವಾಗಿ ಕೇಳತಕ್ಕವು ಇಷ್ಟು: ಸಿದ್ಧಪಡಿಸಿದ ಒಂದೆರಡು ಕೃತಿಗಳು, ಸ್ವರಾವಳಿಗಳು, ಒಂದು ಅಭ್ಯಾಸಪಾಠ, ಮುಂದೆ ಹಿಡಿದ ಹೊಸ ಸ್ವರಪತ್ರವನ್ನು ಕಂಡಲ್ಲಿಯೇ ನುಡಿಸುವುದು, ಪಿಯಾನೋದಲ್ಲಿ ಕೇಳಿದ ಸ್ವರವನ್ನು ಬಾಯಲ್ಲಿ ಹಾಡಿ ತೋರಿಸುವುದು. ಇವುಗಳಲ್ಲಿ ಉರು ಹೊಡೆಯುವುದಕ್ಕೆ ಒಗ್ಗುವುದು ಮೊದಲನೆಯದೊಂದೇ. ಮಿಕ್ಕವು ವರ್ಷಗಳ ಫಲ. ಬೆಳಿಗ್ಗೆ ಎದ್ದು ಒಂದೊಂದೇ ಸ್ವರವನ್ನು ಉಸಿರಿರುವವರೆಗೆ ಎಳೆಯಬೇಕು. ಮೆಲ್ಲಗೆ ಆರಂಭಿಸಿ ಹಿಗ್ಗಿಸಿ ಮತ್ತೆ ಮೆಲ್ಲಗೆ ಮಾಡಿ ನಿಲ್ಲಿಸಬೇಕು. ಎಷ್ಟು ಹೊತ್ತು ನುಡಿಸಿದೆವೋ ಅಷ್ಟು ಹೊತ್ತು ವಾದ್ಯವನ್ನು ಕೆಳಗಿಡಬೇಕು. ಏಕೆಂದರೆ ತುಟಿಯು ಮಾಂಸವೇ ಹೊರತು ತಂತಿಯಲ್ಲ, ಕಿತ್ತುಹೋದರೆ ಅಂಗಡಿಯಲ್ಲಿ ಸಿಕ್ಕುವುದಿಲ್ಲ. ನುಡಿಸುವುದಕ್ಕೆ ಮುಂಚೆ ಹಾಡಿಕೊಳ್ಳಬೇಕು. ಪ್ಯಾರಿಸಿನ ಆರ್ಬನ್ ಎಂಬ ಕಾರ್ನೆಟ್ ವಿದ್ವಾಂಸನು 1864ರಲ್ಲಿ ಪ್ರಕಟಿಸಿದ ಪಾಠಪುಸ್ತಕವನ್ನು ಇಂದಿಗೂ ಲೋಕದ ಎಲ್ಲೆಡೆ ಈ ವಾದ್ಯದವರು ಬಳಸುತ್ತಾರೆ. ಮುನ್ನೂರಕ್ಕೂ ಮೇಲ್ಪಟ್ಟ ಪುಟಗಳ ಆ ಪುಸ್ತಕದಲ್ಲಿ ಸಭೆಯಲ್ಲಿ ಮೆರೆಯುವಂಥ ಕೃತಿಗಳು ಬರುವುದು ಕಟ್ಟಕಡೆಯಲ್ಲಿ. ನಮ್ಮವರು ಆ ಪುಸ್ತಕವನ್ನು ಹಿಂದಿನಿಂದ ತೆರೆಯುತ್ತಾರೆ.

ಹೇಡನ್ನನ ಕಾಂಚೆರ್ಟೊ ಎಂದೆನಲ್ಲವೆ? ಅದನ್ನು ಆತನು 1796ರಲ್ಲಿ ಆಂಟನ್ ವೈಡಿಂಗರ್ ಎಂಬ ವಿಯೆನ್ನಾದ ವಾದಕನಿಗಾಗಿ ಬರೆದನು. ವೈಡಿಂಗರ್ ಅದನ್ನು ಸಭೆಯ ಮುಂದೆ ನುಡಿಸಿದ್ದು 1800ರಲ್ಲಿ. ನಡುವಣ ನಾಲ್ಕು ವರ್ಷವೂ ಅಭ್ಯಾಸದಲ್ಲಿಯೇ ಕಳೆಯಿತೆಂದು ನಾನು ವಾದಿಸುವುದಿಲ್ಲ. ಆದರೆ ಆಸ್ಥಾನದ ವಾದಕನಿಗೆ ನಾಲ್ಕು ವರ್ಷದ ಅವಕಾಶವಿದ್ದ ಕೃತಿಗೆ ನಮ್ಮ ಹುಡುಗರಿಗೆ ನಾಲ್ಕು ತಿಂಗಳು ಕೊಡುತ್ತೇವೆ, ಅದರಲ್ಲಿಯೂ ವಾರಕ್ಕೆ ಎರಡು ದಿನ.

ನನ್ನ ವಾದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. “ಈ ವಾದ್ಯವೇ ಪರದೇಶದ್ದು, ಇದರಲ್ಲಿ ಗುರುಕುಲವೇನು, ಸಂಪ್ರದಾಯವೇನು?” ಎಂದು ಕೆಲವರು ಕೇಳುವರು. ಈ ಪ್ರಶ್ನೆಗೆ ಹೆಚ್ಚು ಹೊತ್ತು ವ್ಯಯಮಾಡಬೇಕಾದುದಿಲ್ಲ. ಪಿಟೀಲು ಎಲ್ಲಿಂದ ಬಂದಿತು? ಪರದೇಶದ ಬ್ಯಾಂಡಿನ ಮಟ್ಟುಗಳನ್ನು ಕೇಳಿ ಮುತ್ತುಸ್ವಾಮಿ ದೀಕ್ಷಿತರು ಶಂಕರಾಭರಣದಲ್ಲಿ ನೊಟ್ಟುಸ್ವರಗಳನ್ನು ರಚಿಸಲಿಲ್ಲವೆ? ನಾಲ್ವಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಗೋಷ್ಠಿಯನ್ನೂ ಕರ್ಣಾಟಕ ಬ್ಯಾಂಡನ್ನೂ ಜೊತೆಜೊತೆಯಾಗಿ ಪೋಷಿಸಿದರು. ಆಟೋ ಷ್ಮಿಡ್ಟ್ ಎಂಬ ಜರ್ಮನಿಯವರನ್ನು ಕರೆಸಿ ಇಟ್ಟುಕೊಂಡರು. ಆ ಪರಂಪರೆಯು ಇಂದಿಗೂ ಪೊಲೀಸ್ ಇಲಾಖೆಯ ಬ್ಯಾಂಡುಗಳಲ್ಲಿ ಉಳಿದಿದೆ. ದಸರೆಯಲ್ಲಿ ಮೈಸೂರಿಗೆ ಹೋದವರು ಕೇಳಿಯೇ ಇರುವರು. ಕದ್ರಿ ಗೋಪಾಲನಾಥರು ಹುಡುಗರಾಗಿದ್ದಾಗ ಸ್ಯಾಕ್ಸೋಫೋನನ್ನು ಕೇಳಿ ಮನಸೋತದ್ದು ಅರಮನೆಯ ಬ್ಯಾಂಡಿನಲ್ಲಿ. (ಅದರ ಮೈ ಹಿತ್ತಾಳೆಯದಾದರೂ ಬಾಯಲ್ಲಿ ಸೀಳಿರುವುದರಿಂದ ಶಾಸ್ತ್ರಜ್ಞರು ಅದನ್ನು ಮರದ ವಾದ್ಯಗಳ ಪಂಕ್ತಿಯಲ್ಲಿ ಕೂರಿಸುತ್ತಾರೆ, ಇರಲಿ.) ನಾಗಸ್ವರದವರ ಮನೆಯ ಆ ಮಗನು 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದನೆಂದು ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಬ್ಯಾಂಡನ್ನು ಕೇಳಿದರೆ ಕಿವಿ ಕೆಡುತ್ತದೆಂದು ಯಾರಾದರೂ ಆ ಹುಡುಗನನ್ನು ತೋಳು ಹಿಡಿದು ಎಳೆದಿದ್ದರೆ?

ಎರಡನೆಯ ಆಕ್ಷೇಪವು ಇದಕ್ಕಿಂತ ತೂಕವುಳ್ಳದ್ದು. “ಬೀದಿಯ ಬ್ಯಾಂಡಿನವರ ನಾದವು ಒರಟು, ಅವರಲ್ಲಿ ಅನೇಕರಿಗೆ ಸ್ವರಪತ್ರ ಓದುವುದು ಬಾರದು, ಸಿನಿಮಾ ಹಾಡನ್ನು ಕಿವಿಯಿಂದ ಹಿಡಿದು ನುಡಿಸುವವರು ಕಾಲೇಜಿನ ಪರೀಕ್ಷೆಗೆ ಏನು ಕಲಿಸಿಯಾರು?” ಎಂಬುದು. ಇದರಲ್ಲಿ ಒಪ್ಪತಕ್ಕ ಅಂಶವು ಉಂಟು. ತೆರೆದ ಬೀದಿಯಲ್ಲಿ ಡೋಲಿನ ಮೇಲೆ ಕೇಳಿಸುವಂತೆ ಊದುವವನ ನಾದವು ಕೊಠಡಿಯಲ್ಲಿ ಇರಬೇಕಾದ ನಾದವಲ್ಲ. ಸ್ವರಪತ್ರವನ್ನು ಓದಲು ಬೇರೊಬ್ಬ ಶಿಕ್ಷಕರು ಬೇಕು. ತೆರೆಯ ಮೇಲಿನ ಶಿಕ್ಷಕರು ಆ ಕೆಲಸವನ್ನು ಚೆನ್ನಾಗಿಯೇ ಮಾಡಬಲ್ಲರು, ಅವರನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ಆದರೆ ತೆರೆಯ ಮೇಲಿರುವವರಿಗೆ ಹುಡುಗನ ಬೆನ್ನ ಹಿಂದೆ ನಿಂತು ಅವನ ಪಕ್ಕೆಯು ಹಿಗ್ಗುವುದನ್ನು ಕೈಯಿಟ್ಟು ನೋಡಲಾಗುವುದೆ? ಮೂರು ಗಂಟೆ ನಡೆಯುತ್ತ ನುಡಿಸಿಯೂ ತುಟಿಯನ್ನು ಹೇಗೆ ಉಳಿಸಿಕೊಳ್ಳಬೇಕೆಂಬುದು ಯಾವ ಪುಸ್ತಕದಲ್ಲಿದೆ? ಮದುವಣಿಗನ ಸೋದರಮಾವನು ಎದುರಿಗೆ ಬಂದು ಒಂದು ಹಾಡಿನ ಹೆಸರು ಹೇಳಿದೊಡನೆ ಅದನ್ನು ಎತ್ತಿಕೊಳ್ಳುವ ಕಿವಿಯೇ ಪರೀಕ್ಷಕರು ಹುಡುಕುವ ಕಿವಿಯಲ್ಲವೆ? ಅದೂ ಅಲ್ಲದೆ ಬ್ಯಾಂಡಿನವರೆಲ್ಲರೂ ಓದು ಬಾರದವರೆಂಬುದೇ ತಪ್ಪು. ಕಂಟೋನ್ಮೆಂಟ್ ಹುಟ್ಟಿದ್ದು 1809ರಲ್ಲಿ, ಪಟಾಲಮುಗಳಿಗಾಗಿ. ಈಗಲೂ ನಮ್ಮ ನಡುವೆ ಸೈನ್ಯದ ಬ್ಯಾಂಡಿನಿಂದ ನಿವೃತ್ತರಾಗಿ ಬಂದವರು ಇದ್ದಾರೆ. ಸೈನ್ಯದವರು ಪಚ್‌ಮಢಿಯಲ್ಲಿ, ನಮ್ಮ ಕೊಡಗಿನ ಕಾರ್ಯಪ್ಪನವರು ಮಹಾದಂಡನಾಯಕರಾಗಿದ್ದ ಕಾಲದಲ್ಲಿ, 1950ರಲ್ಲಿ ಸ್ಥಾಪಿತವಾದ ಸಂಗೀತಶಾಲೆಯಲ್ಲಿ ಸ್ವರಪತ್ರವನ್ನೂ ವಾದ್ಯಗೋಷ್ಠಿಯ ಶಾಸ್ತ್ರವನ್ನೂ ಕಲಿಯುತ್ತಾರೆ. ಅಂಥವರು ನೆರೆಯಲ್ಲಿದ್ದರೂ ಅವರನ್ನು ನಾವು ವಿಚಾರಿಸುವುದು ಮೆರವಣಿಗೆಗೆ ಎಷ್ಟು ಕೇಳುತ್ತೀರಿ ಎಂದು ಮಾತ್ರ.

ಈಗ ಆ ಹುಡುಗನ ಕಥೆಯ ಉಳಿದ ಭಾಗ. ತಂದೆಯವರ ಮುಂದೆ ನನ್ನ ಸಲಹೆಯನ್ನು ಇಟ್ಟೆನು. “ಬ್ಯಾಂಡಿನವನು ನಮ್ಮ ಮನೆಯ ಹಜಾರಕ್ಕೆ ಬಂದು ಕೂರುವುದೆ? ನೆರೆಯವರು ಏನೆಂದಾರು?” ಎಂದು ಅವರು ಮಾತು ಮುಗಿಸಿದರು. ಆದರೆ ಎರಡು ದಿನದ ಮೇಲೆ ಆತನ ತಾಯಿಯವರು ನನಗೆ ದೂರವಾಣಿ ಮಾಡಿ, “ಅಣ್ಣಾ, ನೀವೇ ಒಂದು ಸಲ ಕರೆದುಕೊಂಡು ಹೋಗಿ ಬನ್ನಿ. ಮಗುವಿನ ತುಟಿ ಊದಿದೆ, ಕೇಳಿದರೆ ಏನೂ ಇಲ್ಲ ಅಂತಾನೆ” ಎಂದರು. ಹೋದೆವು. ಶಿವಾಜಿನಗರದ ಒಂದು ಓಣಿಯಲ್ಲಿ, ಗೋಡೆಗೆ ಡೋಲುಗಳನ್ನೂ ಕೆಂಪು ಕೋಟುಗಳನ್ನೂ ನೇತುಹಾಕಿದ್ದ ಇಕ್ಕಟ್ಟಾದ ಕೊಠಡಿ. ಮುದುಕರು ಇದ್ದ ಒಂದೇ ಕುರ್ಚಿಯನ್ನು ನನಗೆ ಕೊಟ್ಟು ತಾವು ಪೆಟ್ಟಿಗೆಯ ಮೇಲೆ ಕುಳಿತರು. ಹುಡುಗನು ಹೇಡನ್ನನನ್ನು ಆರಂಭಿಸಿದನು. ನಾಲ್ಕು ಸಾಲಾಗುವುದರೊಳಗೆ ಅವರು ಕೈಯೆತ್ತಿ ನಿಲ್ಲಿಸಿದರು.

“ಉಸಿರು ಹೆಗಲಿಗೆ ಹೋಗ್ತಾ ಇದೆ ಸ್ವಾಮಿ, ಹೊಟ್ಟೆಗೆ ಇಳೀತಾ ಇಲ್ಲ. ಗಾಳಿ ಸಾಲದ್ದಕ್ಕೆ ತುಟೀನ ಹಿತ್ತಾಳೆಗೆ ಒತ್ತಿ ಒತ್ತಿ ಸಾಯಿಸ್ತಾ ಇದಾನೆ.”

“ಮೇಲಿನ ಸ್ವರ ಯಾಕೆ ತಾತಾ ಬಿರುಕು ಬಿಡುತ್ತೆ?” ಎಂದು ಹುಡುಗನು ಕೇಳಿದನು.

“ಹೆದರಿಕೊಂಡು ಹಿಡೀತೀಯ ಮಗಾ, ಅದಕ್ಕೆ. ಒಂದು ತಿಂಗಳು ಆ ಪಾಠ ಬಿಡು. ಒಂದೇ ಸ್ವರ ಊದು.”

ಪರೀಕ್ಷೆಗೆ ಉಳಿದಿದ್ದುದು ಹದಿನೆಂಟು ದಿನ. ನಾನು ದಕ್ಷಿಣೆಯೆಂದು ಒಂದು ಲಕೋಟೆಯನ್ನು ನೀಡಲು ಅವರು ತೆಗೆದುಕೊಳ್ಳಲಿಲ್ಲ. ಹುಡುಗನು ಇರುವ ಬಡಾವಣೆಯ ಹೆಸರನ್ನು ಕೇಳಿ, “ಆ ಕಡೆ ಮನೆಗಳಿಗೆಲ್ಲ ನಾನು ಹೋಗಿದೀನಿ ಸ್ವಾಮಿ, ಗೇಟಿನ ತನಕ” ಎಂದರು. ಅದನ್ನು ಅವರು ದೂರಿನ ಧ್ವನಿಯಲ್ಲಿ ಹೇಳಲಿಲ್ಲ. ನಾನು ತಲೆ ತಗ್ಗಿಸಿದೆನು. ಏಕೆಂದರೆ ನನ್ನ ಮಗಳ ಮದುವೆಯಲ್ಲಿ ಬ್ಯಾಂಡಿನವರಿಗೆ ಎಲೆ ಹಾಕಿಸಿದ್ದು ಕಾರು ನಿಲ್ಲಿಸುವ ಶೆಡ್ಡಿನ ಬಳಿಯಲ್ಲಿ.

ಆಡಿಷನ್ನಿನಲ್ಲಿ ನಡೆದುದನ್ನು ಹುಡುಗನೇ ನನಗೆ ಹೇಳಿದನು. ಕೃತಿಯನ್ನು ಹೇಗೋ ದಾಟಿಸಿದನಂತೆ. ಅನಂತರ ಪರೀಕ್ಷಕರಲ್ಲಿ ಒಬ್ಬ ಹೆಂಗಸು ಬಹು ಸೌಮ್ಯವಾಗಿ, ನಡುಸ್ಥಾಯಿಯ ಒಂದು ಸ್ವರವನ್ನು ಮೆಲ್ಲಗೆ ಆರಂಭಿಸಿ ಹಿಗ್ಗಿಸಿ ಮತ್ತೆ ಇಳಿಸು ಎಂದರಂತೆ. ಸ್ವರವು ನಡುಗಿತು, ಅರ್ಧದಲ್ಲಿ ನಿಂತಿತು. ಪಿಯಾನೋದಲ್ಲಿ ಕೇಳಿಸಿದ ಪುಟ್ಟ ಸಂಚಾರವನ್ನು ಹಾಡು ಎಂದಾಗ ಬಾಯಿ ಬರಲಿಲ್ಲ. ಆ ಹುಡುಗನ ಮನೆಯಲ್ಲಿ ಪ್ರತಿ ಶುಕ್ರವಾರ ಅಜ್ಜಿಯು ದೇವರ ಮುಂದೆ ಹಾಡುತ್ತಾರೆ, ಒಳ್ಳೆಯ ಶ್ರುತಿಜ್ಞಾನದಿಂದ. ನಾಲ್ಕು ತಿಂಗಳಲ್ಲಿ ಒಂದು ದಿನವಾದರೂ ಅವನನ್ನು ಅಜ್ಜಿಯ ಪಕ್ಕದಲ್ಲಿ ಕೂರಿಸಬೇಕೆಂದು ಯಾರಿಗೂ ತೋಚಲಿಲ್ಲ. ಆ ಹೊತ್ತಿನಲ್ಲಿ ಅವನಿಗೆ ಆಡಿಷನ್ನಿನ ಸಿದ್ಧತೆಯಿರುತ್ತಿದ್ದಿತು. ಸ್ಥಳ ಸಿಕ್ಕಲಿಲ್ಲವೆಂದು ಬೇರೆ ಹೇಳಬೇಕಾದುದಿಲ್ಲ. ಕೋಟು ಮಾತ್ರ ಚೆನ್ನಾಗಿ ಒಪ್ಪಿತ್ತಂತೆ.

ತಂದೆತಾಯಂದಿರನ್ನಷ್ಟೇ ದೂರಿದರೆ ನ್ಯಾಯವಾಗದು. ನಮ್ಮ ವಿಶ್ವವಿದ್ಯಾಲಯಗಳ ಸಂಗೀತ ವಿಭಾಗಗಳು ಹಾಡುಗಾರಿಕೆ, ವೀಣೆ, ಪಿಟೀಲು, ಕೊಳಲು, ಮೃದಂಗಗಳ ಸುತ್ತಲೇ ಬೆಳೆದುಬಂದಿವೆ. ಒಳ್ಳೆಯದೇ. ಆದರೆ ಕಾಲೇಜಿನ ವಾರ್ಷಿಕೋತ್ಸವದ ದಿನ ಅಧ್ಯಕ್ಷರನ್ನು ಬಾಗಿಲಿನಿಂದ ವೇದಿಕೆಗೆ ಕರೆತರುವುದಕ್ಕೆ ಬ್ಯಾಂಡು ಬೇಕು. ಮಾರನೆಯ ದಿನ ಪಾಠಪಟ್ಟಿಯಲ್ಲಿ ಅದಕ್ಕೆ ಜಾಗ ಹುಡುಕುವವರಿಲ್ಲ. ಬ್ಯಾಂಡಿನವರ ಮಕ್ಕಳು ತಾತನ ವಾದ್ಯವನ್ನು ಬಿಟ್ಟು ಮನೆಮನೆಗೆ ಊಟ ತಲುಪಿಸುವ ಕೆಲಸಕ್ಕೆ ಮೋಟಾರು ಸೈಕಲ್ಲು ಹತ್ತುತ್ತಿದ್ದಾರೆ. ಆ ಮುದುಕರ ಮೊಮ್ಮಗನೂ ಹಾಗೆಯೇ. ಅವನ ಉಸಿರು ನನ್ನ ಮಿತ್ರರ ಮಗನ ಉಸಿರಿಗಿಂತ ಗಟ್ಟಿ, ಕಿವಿ ಇನ್ನೂ ಗಟ್ಟಿ. ಆಡಿಷನ್ನೆಂಬ ಮಾತನ್ನು ಅವನು ಸಿನಿಮಾದ ಸಂಬಂಧವಾಗಿ ಮಾತ್ರ ಕೇಳಿದ್ದನು. ಒಬ್ಬನಿಗೆ ವಾದ್ಯವುಂಟು, ಗುರುವಿಲ್ಲ. ಇನ್ನೊಬ್ಬನಿಗೆ ಮನೆಯಲ್ಲಿಯೇ ಗುರುವುಂಟು, ಬಾಗಿಲಿಲ್ಲ. ಇಬ್ಬರ ಮನೆಗೂ ನಡುವೆ ಕಾಮರಾಜ ರಸ್ತೆಯನ್ನು ದಾಟಿ ಇಪ್ಪತ್ತು ನಿಮಿಷದ ನಡಿಗೆ.

ಹುಡುಗನು ಈ ವರ್ಷ ಮತ್ತೆ ಅರ್ಜಿ ಹಾಕಲಿಲ್ಲ. ಬರುವ ವರ್ಷ ಹಾಕುವನಂತೆ. ಭಾನುವಾರದ ಬೆಳಿಗ್ಗೆ ಓಣಿಯ ಆ ಕೊಠಡಿಗೆ ಹೋಗಿ ಪೆಟ್ಟಿಗೆಯ ಮೇಲೆ ಕುಳಿತು ಒಂದೊಂದೇ ಸ್ವರವನ್ನು ಎಳೆಯುತ್ತಾನೆ. ತಂದೆಯವರಿಗೆ ಇದು ಗೊತ್ತು, ಗೊತ್ತಿಲ್ಲದವರಂತೆ ಇದ್ದಾರೆ. ಈ ಲೇಖನವನ್ನು ಅವರೂ ಓದುವರಾದುದರಿಂದ ಇನ್ನು ಮುಂದೆ ಹಾಗಿರುವುದು ಕಷ್ಟವಾಗಬಹುದು; ಅದಕ್ಕೆ ಕ್ಷಮೆ ಬೇಡುತ್ತೇನೆ.

ಆದರೆ ಆ ಕೊಠಡಿಯಲ್ಲಿ ಮೂರನೆಯವನು ಕೂರಲು ಸ್ಥಳವಿಲ್ಲ. ನೆರೆಮನೆಯಲ್ಲಿ ಹಸುಗೂಸಿರುವುದರಿಂದ ಹತ್ತು ಗಂಟೆಯ ಮೇಲೆ ಊದುವಂತಿಲ್ಲ. ನಮ್ಮ ಸಂಘದ ಸಭಾಂಗಣವು ಮಂಗಳವಾರ, ಗುರುವಾರಗಳ ಸಂಜೆ ಬೀಗ ಹಾಕಿಕೊಂಡಿರುತ್ತದೆ. ಅದನ್ನು ವಾರಕ್ಕೆ ಎರಡು ಸಂಜೆ ಆ ಮುದುಕರಿಗೂ, ಕಲಿಯಬಂದ ಮಕ್ಕಳಿಗೂ, ಅವರ ಮೊಮ್ಮಗನಿಗೂ ಬಿಟ್ಟುಕೊಡಬೇಕೆಂದು ಕಾರ್ಯಕಾರಿ ಸಮಿತಿಯ ಮುಂದೆ ಪತ್ರವನ್ನಿಟ್ಟಿದ್ದೇನೆ. ಗುರುವಿಗೆ ಸಲ್ಲತಕ್ಕ ಸಂಭಾವನೆಯನ್ನು ಮೊದಲ ಆರು ತಿಂಗಳು ನಾನು ಕೊಡುವೆನು. ಸದ್ದಾಗುವುದೆಂದು ಸಮಿತಿಯ ಇಬ್ಬರು ಸದಸ್ಯರು ಆಗಲೇ ಆಕ್ಷೇಪಿಸಿದ್ದಾರೆ. ಬರುವ ಸಾಮಾನ್ಯ ಸಭೆಯಲ್ಲಿ ಈ ವಿಷಯವು ಚರ್ಚೆಗೆ ಬರತಕ್ಕದ್ದು. ಸದಸ್ಯರಾದ ವಾಚಕರು ದಯವಿಟ್ಟು ಬಂದು ಕೈಯೆತ್ತಬೇಕೆಂದು ಪ್ರಾರ್ಥಿಸುತ್ತೇನೆ.